ಓದುಗರ ಪ್ರಶ್ನೆ: ಬ್ರಿಟನ್ನಿನ ಮೊದಲ ಕಲ್ಯಾಣ ಕಾನೂನುಗಳು ಬಡತನವನ್ನು ನೀಗಿಸಿದವೇ?

ಪ್ರಶ್ನೆ: ನಾನು ಪದವಿಯಲ್ಲಿ ಇತಿಹಾಸ ಓದುತ್ತಿದ್ದೇನೆ. 1906ರಿಂದ 1914ರವರೆಗೆ ಬ್ರಿಟನ್ನಿನ ಲಿಬರಲ್ ಸರ್ಕಾರ ತಂದ ಸುಧಾರಣೆಗಳು ಬಡವರ ಬದುಕನ್ನೇ ಬದಲಿಸಿದವೆಂದು ಒಂದು ಪುಸ್ತಕ ಹೇಳಿದರೆ, ಏನೂ ಪ್ರಯೋಜನವಾಗಲಿಲ್ಲವೆಂದು ಇನ್ನೊಂದು ಹೇಳುತ್ತದೆ. ಅಪ್ಪ, ಅಮ್ಮ ಇಬ್ಬರೂ ಕಾಫಿ ತೋಟದ ಕೆಲಸದವರು, ಅಜ್ಜಿಗೆ ವೃದ್ಧಾಪ್ಯ ವೇತನ ಬರುತ್ತದೆ. ಆದ್ದರಿಂದ ಪರೀಕ್ಷೆಗಾಗಿ ಮಾತ್ರ ಕೇಳುತ್ತಿಲ್ಲ. ಯಾವುದನ್ನು ನಂಬಲಿ?
– ವಿದ್ಯಾರ್ಥಿನಿ, ಸಿದ್ದಾಪುರ

ಉತ್ತರ: ಎರಡೂ ಪುಸ್ತಕಗಳನ್ನು ಬದಿಗಿಟ್ಟು ಮೊದಲು ಇಂಗ್ಲೆಂಡಿನ ಯಾರ್ಕ್ ನಗರದ ಲೆಕ್ಕವನ್ನು ನೋಡಿ. ಸಮಾಜ ಸಂಶೋಧಕ ಸೀಬೋಮ್ ರೌನ್‌ಟ್ರೀ 1899ರಲ್ಲಿ ಅಲ್ಲಿ ಮನೆಮನೆಯ ಸಮೀಕ್ಷೆ ಮಾಡಿಸಿದಾಗ ಊರಿನ ಶೇ. 28ರಷ್ಟು ಜನ ಬಡತನದಲ್ಲಿದ್ದರು. ಅವರಲ್ಲಿ, ಎಷ್ಟೇ ಹಿಡಿತದಿಂದ ಖರ್ಚು ಮಾಡಿದರೂ ಹೊಟ್ಟೆಬಟ್ಟೆಗೆ ಸಾಲದಷ್ಟು ಆದಾಯವಿದ್ದವರನ್ನು ಅವರು ಬೇರೆಯಾಗಿ ಎಣಿಸಿ ಕಾರಣಗಳನ್ನು ವಿಂಗಡಿಸಿದರು. ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮನೆಯಲ್ಲಿ ದುಡಿಯುವವನಿಗೆ ಕೆಲಸ ತಪ್ಪದೆ ಇತ್ತು, ಕೂಲಿ ಮಾತ್ರ ಸಾಲುತ್ತಿರಲಿಲ್ಲ. ದುಡಿಯುವವನ ಮುಪ್ಪು, ಕಾಯಿಲೆಗಳ ಪಾಲು ಶೇ. 5ರಷ್ಟಿದ್ದರೆ, ಕೆಲಸವಿಲ್ಲದಿರುವಿಕೆಯ ಪಾಲು ಅದಕ್ಕಿಂತಲೂ ಕಡಿಮೆ.

ಈಗ ಕಾನೂನುಗಳು ಎತ್ತ ನೋಡಿದವೆಂದು ಗಮನಿಸಿ. 1909ರ ಜನವರಿ 1ರಿಂದ, ವರಮಾನ ತೀರಾ ಕಡಿಮೆಯಿದ್ದ 70 ದಾಟಿದವರಿಗೆ ವಾರಕ್ಕೆ 5 ಷಿಲಿಂಗ್ (ಆಗ 12 ಪೆನ್ಸ್‌ಗೆ ಒಂದು ಷಿಲಿಂಗ್) ಪಿಂಚಣಿ ಅಂಚೆ ಕಚೇರಿಯಲ್ಲಿ ಸಿಗತೊಡಗಿತು. ಒಬ್ಬರ ಬದುಕಿಗೆ ವಾರಕ್ಕೆ 7 ಷಿಲಿಂಗ್ ಬೇಕೆಂದು ರೌನ್‌ಟ್ರೀ ಲೆಕ್ಕ ಹಾಕಿದ್ದರಿಂದ ಆ ಮೊತ್ತ ಕಡಿಮೆಯೇ ಆಗಿತ್ತು. ಆದರೂ ಅದನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ 1834ನೇ ಇಸವಿಯಲ್ಲೇ ಇಂಗ್ಲೆಂಡಿನಲ್ಲಿ ಹೊಸ ಬಡವರ ಕಾನೂನು ಬಂದು, ನೆರವು ಕೇಳಿದವರನ್ನು ವರ್ಕ್‌ಹೌಸ್ ಎಂಬ ಕಟ್ಟಡಗಳಿಗೆ ಸೇರಿಸುವ, ಗಂಡಹೆಂಡಿರನ್ನೂ ಬೇರೆ ಬೇರೆ ಇಡುವ ಪದ್ಧತಿ ಬೇರೂರಿತ್ತು. ಅದರ ಭಯದಲ್ಲೇ ಮುದುಕರಾದವರು ಈಗ ಯಾರ ಮುಂದೆಯೂ ತಲೆ ತಗ್ಗಿಸದೆ ತಮ್ಮ ಹಕ್ಕಿನ ಹಣವನ್ನು ಎಣಿಸಿಕೊಂಡು ಮನೆಗೆ ಮರಳಿದರು. ಸೆರಗಿನ ತುದಿಯ ಗಂಟು ಬಿಚ್ಚಿ ತನ್ನದೇ ದುಡ್ಡಿನಿಂದ ಮೊಮ್ಮಗುವಿಗೆ ಬಿಸ್ಕತ್ತು ಕೊಡಿಸುವ ಅಜ್ಜಿಯನ್ನು ತೋಟದ ಕೆಲಸಗಾರರ ಲೈನ್ ಮನೆಗಳ ಎದುರಿನ ಅಂಗಡಿಯಲ್ಲಿ ಕಂಡವರಿಗೆ ಈ ಮಾತಿನ ತೂಕ ಗೊತ್ತು.

ಶಾಲೆಯ ಊಟದ ಕಥೆ ಬೇರೆ. 1906ರ ಕಾನೂನು ಸ್ಥಳೀಯ ಸಂಸ್ಥೆಗಳಿಗೆ ಊಟ ಕೊಡುವ ಅನುಮತಿಯನ್ನಷ್ಟೇ ನೀಡಿತು, ಕಡ್ಡಾಯ ಮಾಡಲಿಲ್ಲ. ಬ್ರಾಡ್‌ಫರ್ಡ್ ನಗರದವರು 1907ರಲ್ಲಿ ಮಕ್ಕಳನ್ನು ತೂಗಿ ನೋಡಿದಾಗ ಊಟ ಕೊಟ್ಟ ವಾರಗಳಲ್ಲಿ ತೂಕ ಏರಿ, ರಜೆ ಬಂದೊಡನೆ ಇಳಿದಿತ್ತು. ಇಷ್ಟು ಸ್ಪಷ್ಟವಾಗಿ ಕಂಡ ಮೇಲೂ ಹಲವು ಊರುಗಳು ವರ್ಷಗಟ್ಟಲೆ ಸುಮ್ಮನಿದ್ದವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

1911ರ ವಿಮಾ ಕಾಯ್ದೆಯಲ್ಲಿ ವಾರಕ್ಕೆ ಕೆಲಸಗಾರ 4 ಪೆನ್ಸ್, ಮಾಲೀಕ 3, ಸರ್ಕಾರ 2 ಪೆನ್ಸ್ ಹಾಕಿದರೆ, ಕಾಯಿಲೆ ಬಿದ್ದ ಗಂಡಸಿಗೆ ವಾರಕ್ಕೆ 10 ಷಿಲಿಂಗ್ ದೊರೆಯುತ್ತಿತ್ತು. ವೈದ್ಯರ ನೆರವು ಅವನಿಗೆ ಮಾತ್ರ, ಹೆಂಡತಿ ಮಕ್ಕಳಿಗಲ್ಲ. ನಿರುದ್ಯೋಗ ಭತ್ಯೆ ಹಡಗು, ಕಟ್ಟಡ, ಎಂಜಿನಿಯರಿಂಗ್‌ನಂಥ ಕೆಲವು ಕಸುಬುಗಳವರಿಗಷ್ಟೇ, ಅದೂ ವರ್ಷಕ್ಕೆ 15 ವಾರ.

ಕಡಿಮೆ ಕೂಲಿ ಎಂಬ ಮುಖ್ಯ ಕಾರಣವನ್ನು ನೇರವಾಗಿ ಮುಟ್ಟಿದ್ದು, ಕನಿಷ್ಠ ಕೂಲಿ ನಿಗದಿ ಮಾಡುವ 1909ರ ಟ್ರೇಡ್ ಬೋರ್ಡ್ಸ್ ಕಾಯ್ದೆ. ಅದರ ವ್ಯಾಪ್ತಿಗೆ ಮೊದಲು ಬಂದದ್ದು ನಾಲ್ಕೇ ಕಸುಬು. ಅವುಗಳಲ್ಲಿ ಒಂದು ಸರಪಳಿ ತಯಾರಿಕೆ. ಇಂಗ್ಲೆಂಡಿನ ಕ್ರೇಡ್ಲಿ ಹೀತ್‌ನಲ್ಲಿ ಸರಪಳಿ ಬಡಿಯುತ್ತಿದ್ದ ಹೆಂಗಸರಿಗೆ ಗಂಟೆಗೆ ಎರಡೂವರೆ ಪೆನ್ಸ್ ನಿಗದಿಯಾದಾಗಲೂ ಮಾಲೀಕರು ಕೊಡಲೊಪ್ಪದ್ದರಿಂದ, 1910ರಲ್ಲಿ ಆ ಹೆಂಗಸರು ಹತ್ತು ವಾರ ಹೋರಾಡಿಯೇ ಅದನ್ನು ಪಡೆಯಬೇಕಾಯಿತು.

ಆದ್ದರಿಂದ ನಿಮ್ಮ ಎರಡನೆಯ ಪುಸ್ತಕದ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲನೆಯದನ್ನು ನಿಮ್ಮ ಅಜ್ಜಿಯಂಥವರ ಮಟ್ಟಿಗೆ ಒಪ್ಪುತ್ತೇನೆ, ನಿಮ್ಮ ಅಪ್ಪ ಅಮ್ಮನಂತೆ ದಿನವೂ ದುಡಿದು ಬಡವರಾಗಿಯೇ ಉಳಿದವರ ಮಟ್ಟಿಗಲ್ಲ. ಇನ್ನು ಆ ಕಾನೂನುಗಳು ಬ್ರಿಟನ್ನಿನ ಆಚೆಗೆ ದಾಟಿ ನಮ್ಮ ತೋಟಗಳಿಗೆ ಬರಲೇ ಇಲ್ಲ. ಆಗ ಇಲ್ಲಿ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯಾಳನ್ನು 1859ರ ಕರಾರು ಭಂಗದ ಕಾಯ್ದೆಯಡಿ ಜೈಲಿಗೆ ಕಳುಹಿಸಬಹುದಿತ್ತು.