ಹವಾನಾದಲ್ಲಿ ಮಾತು, ಕಾಡಿನಲ್ಲಿ ಗುಂಡು

ಪ್ರಶ್ನೆ: ಕೊಲಂಬಿಯಾ ಸರ್ಕಾರ ಮತ್ತು ಫಾರ್ಕ್ ಬಂಡುಕೋರರು ನಾಲ್ಕು ವರ್ಷ ಶಾಂತಿ ಮಾತುಕತೆ ನಡೆಸಿದರಂತೆ. ಆಗಲೂ ಒಬ್ಬರನ್ನೊಬ್ಬರು ಕೊಲ್ಲುತ್ತಲೇ ಇದ್ದರಂತೆ. ಇದೆಂಥ ಶಾಂತಿ ಸಾರ್? ಮೊದಲು ಗುಂಡು ನಿಲ್ಲಿಸಿ ಆಮೇಲೆ ಮಾತಿಗೆ ಕೂರಬಾರದಿತ್ತಾ?

ಉತ್ತರ: ಕೇಳಿದರೆ ಅದೇ ಸರಿ ಅನಿಸುತ್ತದೆ, ಅಲ್ವಾ? ಆದರೆ ಕೊಲಂಬಿಯಾ ಹಿಂದೊಮ್ಮೆ ಕೈ ಸುಟ್ಟುಕೊಂಡಿತ್ತು. ಅಧ್ಯಕ್ಷ ಪಾಸ್ಟ್ರಾನಾ ಮಾತುಕತೆಗೆಂದು ಕಾಗ್ವಾನ್ ಪ್ರದೇಶದಿಂದ ಸೈನ್ಯವನ್ನೇ ತೆಗೆಸಿದ್ದರು. ಸುಮಾರು 42 ಸಾವಿರ ಚದರ ಕಿಲೋಮೀಟರ್ ಜಾಗ! ಫಾರ್ಕ್ ಅಲ್ಲಿ ಆರಾಮಾಗಿ ಬಲ ಬೆಳೆಸಿಕೊಂಡಿತು. 2002ರ ಫೆಬ್ರವರಿಯಲ್ಲಿ ವಿಮಾನ ಅಪಹರಿಸಿ ಒಬ್ಬ ಸೆನೆಟರನ್ನು ಹೊತ್ತೊಯ್ದಾಗ ಎಲ್ಲ ಮುರಿದುಬಿತ್ತು.

ಅದಕ್ಕೇ 2012ರಲ್ಲಿ ಅಧ್ಯಕ್ಷ ಸಾಂಟೋಸ್ ಮತ್ತೆ ಮಾತು ಶುರು ಮಾಡಿದಾಗ, ಫಾರ್ಕ್ ಕದನ ವಿರಾಮ ಕೇಳಿದರೂ ಒಪ್ಪಲಿಲ್ಲ. ಮಾತು ಕ್ಯೂಬಾದ ರಾಜಧಾನಿ ಹವಾನಾದಲ್ಲಿ, ಯುದ್ಧ ಕೊಲಂಬಿಯಾದಲ್ಲಿ, ಎರಡೂ ಬೇರೆ ಬೇರೆ ಎಂಬುದು ಅವರ ಲೆಕ್ಕ.

ಲೆಕ್ಕವೇನೋ ಸರಿ. ಆದರೆ ಹೆಣ ಬೀಳುವ ಕಡೆ ಅದು ನಡೆಯುವುದಿಲ್ಲ. 2014ರ ಡಿಸೆಂಬರಿನಲ್ಲಿ ಫಾರ್ಕ್ ತಾನಾಗಿಯೇ ಕದನ ವಿರಾಮ ಸಾರಿತು. ಮರು ಏಪ್ರಿಲ್‌ನಲ್ಲಿ ಅದರದೇ ಜನ ಕೌಕಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ರಾತ್ರಿ ದಾಳಿ ಮಾಡಿದರು. ಆಟದ ಅಂಕಣದ ಚಾವಣಿ ಕೆಳಗೆ ತಂಗಿದ್ದ ಸೈನಿಕರಲ್ಲಿ 11 ಮಂದಿ ಸತ್ತರು. ಸಾಂಟೋಸ್ ನಿಲ್ಲಿಸಿದ್ದ ಬಾಂಬ್ ದಾಳಿಯನ್ನು ಮತ್ತೆ ಶುರು ಮಾಡಿಸಿದರು. ಮೇ ತಿಂಗಳಲ್ಲಿ ಗ್ವಾಪಿ ಬಳಿ 26 ಬಂಡುಕೋರರು ಸತ್ತರು. ಅವರಲ್ಲೊಬ್ಬ ಹಾಯಿರೋ ಮಾರ್ಟಿನೆಸ್. ಆ ಮನುಷ್ಯ ಹವಾನಾದಲ್ಲಿ ಫಾರ್ಕ್ ನಿಯೋಗದಲ್ಲಿ ಕೂತು ಬಂದಿದ್ದವನು! ಫಾರ್ಕ್ ತನ್ನ ಕದನ ವಿರಾಮ ಹಿಂತೆಗೆದುಕೊಂಡಿತು.

ಇಷ್ಟಾದರೂ ಯಾರೂ ಮೇಜು ಬಿಟ್ಟು ಏಳಲಿಲ್ಲ. ಪ್ರೀತಿಯಿಂದಲ್ಲ ಮತ್ತೆ. ಐವತ್ತು ವರ್ಷ ಹೊಡೆದಾಡಿ, ಗೆಲ್ಲುವುದು ಆಗದ ಮಾತು ಅಂತ ಇಬ್ಬರಿಗೂ ಗೊತ್ತಾಗಿತ್ತು. ಸಿಟ್ಟಾದಾಗ ಸಮಾಧಾನ ಹೇಳಲು, ಮಾತುಕತೆಗೆ ಜಾಮೀನು ನಿಂತಿದ್ದ ಕ್ಯೂಬಾ, ನಾರ್ವೆ ಪಕ್ಕದಲ್ಲೇ ಇದ್ದವು. ಜುಲೈನಲ್ಲಿ ಫಾರ್ಕ್ ಮತ್ತೆ ಗುಂಡು ನಿಲ್ಲಿಸಿತು, ಸರ್ಕಾರ ಬಾಂಬ್ ಹಾಕುವುದನ್ನು ನಿಲ್ಲಿಸಿತು.

ಪ್ರಶ್ನೆ: ಹಾಗಾದರೆ ಸಾಂಟೋಸ್ ಮಾಡಿದ್ದು ಸರಿ ಅಂತೀರಾ?

ಉತ್ತರ: ಶುರುವಿನಲ್ಲಿ ಸರಿ, ಕೊನೆಯವರೆಗೂ ಅಲ್ಲ. ಗುಂಡು ನಿಂತರೆ ಬಂಡುಕೋರರು ಸುಧಾರಿಸಿಕೊಂಡು ಮಾತನ್ನು ಎಳೆದಾಡುತ್ತಾರೆ ಎಂಬ ಭಯವಿತ್ತಲ್ಲ, 2015ರ ಜುಲೈ ನಂತರ ಅದು ನಿಜವಾಗಲಿಲ್ಲ. ದಶಕಗಳಲ್ಲೇ ಅತಿ ಶಾಂತ ಕಾಲ ಅದು, ಮಾತೂ ಮುಂದೆ ಸಾಗಿತು. ಅದೇ ಹೆಜ್ಜೆ 2014ರ ಡಿಸೆಂಬರಿನಲ್ಲೇ ಇಟ್ಟಿದ್ದರೆ? ಅಂಕಣದಲ್ಲಿ ಮಲಗಿದ್ದ ಆ ಹುಡುಗರನ್ನು ಹವಾನಾದ ಮೇಜಿನ ಬಳಿ ಯಾರೂ ಕರೆದಿರಲಿಲ್ಲ ಎಂಬುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಪ್ರಶ್ನೆ: ಇಬ್ಬರೂ ಸೇರಿ ಕದನ ವಿರಾಮ ಮಾಡಿದ್ದು ಯಾವಾಗ? ಅದನ್ನು ಕಾಯ್ದವರು ಯಾರು?

ಉತ್ತರ: 2016ರ ಜೂನ್ 23ರಂದು ಸಹಿ, ಆಗಸ್ಟ್ 29ರಿಂದ ಜಾರಿ. ವಿಶ್ವಸಂಸ್ಥೆ, ಸೈನ್ಯ, ಫಾರ್ಕ್ ಮೂವರ ಜಂಟಿ ತಂಡ ಕಾಯ್ದಿತು. ಅಕ್ಟೋಬರಿನ ಜನಮತದಲ್ಲಿ ಶಾಂತಿ ಒಪ್ಪಂದ ಕೂದಲೆಳೆಯಲ್ಲಿ ಸೋತಾಗಲೂ ವಿರಾಮ ಮುರಿಯಲಿಲ್ಲ. ನವೆಂಬರಿನಲ್ಲಿ ತಿದ್ದಿದ ಒಪ್ಪಂದಕ್ಕೆ ಸಹಿ ಬಿತ್ತು.