ಓದಿದ ಊರನ್ನು ಬಿಡುವ ಮುನ್ನ ಮನೆಯ ಬೀಗದ ಕೈ ಒಪ್ಪಿಸಿಬಿಡಿ

ಮಾರ್ಚ್ ಕೊನೆಗೆ ಎಂ.ಎಸ್. ಮುಗಿಸಿ ಜರ್ಮನಿಯಿಂದ ಮೈಸೂರಿಗೆ ಮರಳುತ್ತೀರಿ, ಕೊನೆಯ ಎರಡು ವಾರಗಳಲ್ಲಿ ಯಾವ ಜಾಗಗಳನ್ನು ನೋಡಿದರೆ ಊರಿಗೆ ಸರಿಯಾಗಿ ವಿದಾಯ ಹೇಳಿದಂತಾಗುತ್ತದೆ ಎಂದು ಕೇಳಿದ್ದೀರಿ. ಜಾಗಗಳ ಪಟ್ಟಿಯನ್ನು ನಾನು ಕೊಡುವುದಿಲ್ಲ. ಅದಕ್ಕಿಂತ ಮೊದಲು ನನಗೊಂದು ಉತ್ತರ ಬೇಕು. ಬಾಡಿಗೆ ಮನೆ ಬಿಡುವ ಪತ್ರ ಕೊಟ್ಟಿದ್ದೀರಾ? ಕಾಗದದ ಮೇಲೆ, ಕೈಯಾರೆ ಸಹಿ ಹಾಕಿ?

ನಾನು ಗೊಟ್ಟಿಂಗೆನ್‌ನಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದೆ. ಅಲ್ಲಿ ಡಾಕ್ಟರೇಟ್ ಪಡೆದವರಿಗೊಂದು ಸಂಪ್ರದಾಯವಿದೆ. ಹಳೆಯ ಪುರಭವನದ ಎದುರಿನ ಕಾರಂಜಿಯಲ್ಲಿ ಹೆಬ್ಬಾತು ಕಾಯುವ ಹುಡುಗಿಯ ಕಂಚಿನ ಪ್ರತಿಮೆಯಿದೆ. ಅವಳ ಹೆಸರು ಗೆನ್ಸೆಲೀಸೆಲ್. 1901ರಿಂದ ಅವಳು ಆ ಊರಿನ ಗುರುತು. ಮೌಖಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಗೆಳೆಯರು ನಿಮ್ಮ ತಲೆಗೆ ತಾವೇ ಮಾಡಿದ ರಟ್ಟಿನ ಟೋಪಿ ಇಟ್ಟು, ಅಲಂಕರಿಸಿದ ಕೈಗಾಡಿಯಲ್ಲಿ ಕೂರಿಸಿ, ಊರ ನಡುವೆ ಎಳೆದುಕೊಂಡು ಹೋಗುತ್ತಾರೆ. ನೀವು ಕಾರಂಜಿ ಹತ್ತಿ ಅವಳಿಗೆ ಹೂ ಕೊಟ್ಟು ಮುತ್ತಿಡಬೇಕು. 1926ರಲ್ಲಿ ಇದಕ್ಕೆ ನಿಷೇಧವೂ ಬಂತು, ಆದರೂ ಯಾರೂ ನಿಲ್ಲಿಸಲಿಲ್ಲ. ಓದಿಸಿದ ಊರಿಗೆ ಋಣ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಗೊತ್ತಿಲ್ಲ.

ನಾನು ಆ ಗಾಡಿ ಹತ್ತಲಿಲ್ಲ. ಕಾರಣ ಒಂದು ಇ-ಮೇಲ್.

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಊರಿನ ರೂಢಿಯಲ್ಲಿ ಬೆಳೆದವರಿಗೆ ಇದು ಹೊಳೆಯುವುದೇ ಇಲ್ಲ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಮಾಲೀಕರಿಗೆ ಒಂದು ಫೋನ್ ಮಾಡಿದರೂ ಮಾತು ಮುಗಿಯುತ್ತದೆ. ಜರ್ಮನಿಯಲ್ಲಿ ಹಾಗಲ್ಲ. ಅವಧಿ ನಿಗದಿಯಾಗದ ಸಾಮಾನ್ಯ ಬಾಡಿಗೆ ಕರಾರನ್ನು ಮುರಿಯಲು ಲಿಖಿತ ಪತ್ರವೇ ಬೇಕೆಂದು ಅಲ್ಲಿನ ನಾಗರಿಕ ಸಂಹಿತೆಯ 568ನೆಯ ಕಲಮು ಹೇಳುತ್ತದೆ. ಲಿಖಿತವೆಂದರೆ ಶಾಯಿಯ ಸಹಿ ಇರುವ ಕಾಗದ. ಇ-ಮೇಲ್ ನಡೆಯುವುದಿಲ್ಲ, ಸಹಿ ಹಾಕಿದ ಕಾಗದದ ಫೋಟೋ ಕೂಡ ನಡೆಯುವುದಿಲ್ಲ. ಸೂಚನೆಯ ಅವಧಿ ಮೂರು ತಿಂಗಳು. ಪತ್ರವು ತಿಂಗಳ ಮೂರನೆಯ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. ಒಂದು ದಿನ ತಡವಾದರೆ ಇಡೀ ತಿಂಗಳು ಮುಂದಕ್ಕೆ ಹೋಗುತ್ತದೆ. ಲೆಕ್ಕಕ್ಕೆ ಬರುವುದು ನೀವು ಅಂಚೆಗೆ ಹಾಕಿದ ದಿನವಲ್ಲ, ಅವರಿಗೆ ತಲುಪಿದ ದಿನ.

ಸೆಪ್ಟೆಂಬರ್ ಕೊನೆಗೆ ಬಿಡುತ್ತೇನೆಂದು ನಾನು ಜೂನ್‌ನಲ್ಲೇ ಇ-ಮೇಲ್ ಕಳಿಸಿದ್ದೆ. ಸಾಕಷ್ಟು ಮುಂಚಿತವಾಗಿ ತಿಳಿಸಿದ್ದೇನೆ ಎಂಬ ನೆಮ್ಮದಿಯೂ ಇತ್ತು. ಉತ್ತರ ಬರಲಿಲ್ಲ. ಮೌನವೆಂದರೆ ಒಪ್ಪಿಗೆ ಎಂದುಕೊಂಡೆ. ಆಗಸ್ಟ್ ಕೊನೆಯಲ್ಲಿ ಬೀಗದ ಕೈ ಒಪ್ಪಿಸುವ ದಿನ ಕೇಳಲು ಫೋನ್ ಮಾಡಿದಾಗ, ನಿಮ್ಮಿಂದ ಯಾವ ಪತ್ರವೂ ಬಂದಿಲ್ಲ ಎಂದು ಮಾಲೀಕರು ಹೇಳಿದರು. ಕಾನೂನಿನ ಪ್ರಕಾರ ಅವರ ಮಾತು ಸರಿ. ಆ ವಾರವೇ ಕಾಗದ ಕೊಟ್ಟೆ, ಕರಾರು ನವೆಂಬರ್ ಕೊನೆಗೆ ಹೋಯಿತು. ವಿಮಾನದ ಟಿಕೆಟ್ ಆಗಲೇ ಕೈಯಲ್ಲಿತ್ತು. ನಾನಿರದ ಕೋಣೆಗೆ ಎರಡು ತಿಂಗಳ ಬಾಡಿಗೆ ಕೊಡಬೇಕಾಯಿತು.

ಆದರೆ ನಾನು ಕಳೆದುಕೊಂಡದ್ದರಲ್ಲಿ ಹಣ ಚಿಕ್ಕದು. ಹೊಸ ಬಾಡಿಗೆದಾರರನ್ನು ಹುಡುಕಿಕೊಟ್ಟರೆ ಮಾಲೀಕರು ಕರಾರನ್ನು ಬೇಗ ಬಿಡಬಹುದೆಂಬ ಆಸೆಯಲ್ಲಿ ಆ ಸೆಪ್ಟೆಂಬರ್ ಪೂರ್ತಿ ಜಾಹೀರಾತು ಹಾಕಿ, ಅಪರಿಚಿತರಿಗೆ ಕೋಣೆ ತೋರಿಸುತ್ತಾ ಕಳೆದೆ. ಮೂವರನ್ನು ತೋರಿಸಿದರೆ ಮಾಲೀಕರು ಒಪ್ಪಲೇಬೇಕು ಎಂದು ವಿದ್ಯಾರ್ಥಿಗಳ ನಡುವೆ ಒಂದು ಮಾತು ಓಡಾಡುತ್ತದೆ. ಅಂಥ ನಿಯಮವೇ ಇಲ್ಲ, ದಯವಿಟ್ಟು ನಂಬಬೇಡಿ. ನನ್ನ ಮೌಖಿಕ ಪರೀಕ್ಷೆಯ ದಿನ ಮಧ್ಯಾಹ್ನವೂ ಒಬ್ಬರು ಕೋಣೆ ನೋಡಲು ಬರುವವರಿದ್ದರು. ಗಾಡಿ ಸಿದ್ಧವಾಗಿತ್ತು. ಟೋಪಿಯ ಮೇಲೆ ನನ್ನ ಲೇಸರ್ ಮೇಜಿನ ಮಾದರಿ, ಒಂದು ಪುಟ್ಟ ಕುಕ್ಕರ್, ಯಾರೋ ಕಷ್ಟಪಟ್ಟು ಕನ್ನಡ ಅಕ್ಷರಗಳಲ್ಲಿ ಬರೆದ ನನ್ನ ಹೆಸರು. ಮುಂದಿನ ವಾರ ಹೋಗೋಣ ಎಂದೆ. ಮುಂದಿನ ವಾರ ಒಬ್ಬರು ಸಮ್ಮೇಳನಕ್ಕೆ ಹೋಗಿದ್ದರು, ಇನ್ನೊಬ್ಬರು ಊರಿಗೆ. ಅದರ ಮುಂದಿನ ವಾರ ನಾನು ಗೋಡೆಗೆ ಸುಣ್ಣ ಬಳಿಯುತ್ತಿದ್ದೆ. ಕೋಣೆ ನೋಡಲು ಬಂದವರು ಒಪ್ಪಲೂ ಇಲ್ಲ.

ಅದೇ ಊರಿನಲ್ಲಿ ಪ್ರಾಧ್ಯಾಪಕರಾಗಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ವಿಷಯ ನಿಮಗೆ ಗೊತ್ತಿರಬಹುದು. 1933ರಲ್ಲಿ, ಯಹೂದಿ ಮೂಲದವರೆಂಬ ಕಾರಣಕ್ಕೆ ನಾತ್ಸಿ ಸರ್ಕಾರ ಅವರನ್ನು ಅಮಾನತಿನಲ್ಲಿಟ್ಟಿತು. ಕೆಲವೇ ವಾರಗಳಲ್ಲಿ ಅವರು ಕುಟುಂಬದೊಂದಿಗೆ ಹೊರಟುಹೋದರು. ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು, ಆಮೇಲೆ ಎಡಿನ್‌ಬರಾಕ್ಕೆ ಹೋದರು. 1953ರಲ್ಲಿ ಗೊಟ್ಟಿಂಗೆನ್ ಅವರನ್ನು ಗೌರವ ನಾಗರಿಕರನ್ನಾಗಿ ಮಾಡಿತು, 1970ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ನಗರದ ಸ್ಮಶಾನದಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಕ್ವಾಂಟಂ ಸಿದ್ಧಾಂತದ ಸಮೀಕರಣವೊಂದನ್ನು ಕೆತ್ತಿದ್ದಾರೆ. ಮನಸ್ಸು ಕುಗ್ಗಿದಾಗಲೆಲ್ಲ ನಾನು ಸೈಕಲ್ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ನನ್ನ ಊರಿನ ನೀರು ಕುಡಿದಿದ್ದವರು ಎಂಬ ಸಲಿಗೆ ನನಗೆ. ನೆಮ್ಮದಿಯಾಗಿ ವಿದಾಯ ಹೇಳುವ ಅವಕಾಶವನ್ನು ಅವರಿಂದ ಕಿತ್ತುಕೊಳ್ಳಲಾಯಿತು. ನನಗೆ ಆ ಅವಕಾಶವಿತ್ತು, ಅದನ್ನು ನಾನು ಕೋಣೆಯ ಜಾಹೀರಾತಿಗೆ ಕೊಟ್ಟುಬಿಟ್ಟೆ. ಕೊನೆಯ ವಾರ ಅವರ ಸಮಾಧಿಗೂ ಹೋಗಲಾಗಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಕೋಟೆ, ಅರಮನೆ, ನೋಡದೆ ಉಳಿದ ಸರೋವರ, ಇವು ನಿಮ್ಮ ಊರಲ್ಲ. ಪ್ರವಾಸಿಯಾಗಿ ಯಾವಾಗ ಬೇಕಾದರೂ ಬಂದು ನೋಡಬಹುದು. ಶನಿವಾರದ ಸಂತೆಯಲ್ಲಿ ನಿಮ್ಮ ಮುಖ ಕಂಡೊಡನೆ ಕೊತ್ತಂಬರಿ ಕಟ್ಟು ಎತ್ತಿಡುವ ಅಜ್ಜಿ, ನಿಮ್ಮ ಅರೆಬರೆ ಜರ್ಮನ್ ಭಾಷೆಯನ್ನು ತಿದ್ದುತ್ತಿದ್ದ ಗ್ರಂಥಾಲಯದವರು, ಜೊತೆಗೆ ಅಡುಗೆಮನೆ ಹಂಚಿಕೊಂಡವರು ಪ್ರವಾಸಿಗೆ ಸಿಗುವುದಿಲ್ಲ. ಇವರ ಜೊತೆ ಮಾಮೂಲಿನಂತೆ ಕಳೆಯುವ ಬಿಡುವಿನ ದಿನಗಳು ನಿಮಗೆ ಬೇಕು. ಒಂದು ತಿಂಗಳು ಹೆಚ್ಚಿಗೆ ಉಳಿಯಲೇ ಎಂದೂ ಕೇಳಿದ್ದೀರಿ. ಬೇಡ. ಕೆಲಸ ಬಾಕಿಯಿದ್ದರೆ ಆ ತಿಂಗಳೂ ಕೆಲಸಕ್ಕೇ ಹೋಗುತ್ತದೆ.

ನನ್ನ ಸಲಹೆ ಇಷ್ಟೇ. ವಿಮಾನ ಹತ್ತುವುದಕ್ಕೆ ಒಂದು ವಾರ ಮೊದಲೇ ಬೀಗದ ಕೈ ಒಪ್ಪಿಸಿ, ಗೆಳೆಯರ ಮನೆಯಲ್ಲಿ ಚಾಪೆ ಹಾಸಿಕೊಂಡು ಉಳಿಯಿರಿ. ನಗರಾಡಳಿತದ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸುವ ಆಬ್‌ಮೆಲ್ಡುಂಗ್ ಅನ್ನು ಆ ವಾರವೇ ಮುಗಿಸಿ, ದೃಢೀಕರಣ ಪತ್ರವನ್ನು ಕೇಳಿ ಪಡೆದುಕೊಳ್ಳಿ. ಸಾರ್ವಜನಿಕ ರೇಡಿಯೊ, ಟಿ.ವಿ.ಗಾಗಿ ಅಲ್ಲಿ ಪ್ರತಿ ಮನೆಯೂ ಕೊಡುವ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕವನ್ನು ಪ್ರತ್ಯೇಕವಾಗಿ ನಿಲ್ಲಿಸಬೇಕು, ಅದು ತಾನಾಗಿ ನಿಲ್ಲುವುದಿಲ್ಲ. ಮುಂಗಡ ಹಣ ವಾಪಸು ಬರಲು ತಿಂಗಳುಗಳೇ ಹಿಡಿಯಬಹುದು, ಅಲ್ಲಿಯವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಕುಕ್ಕರ್, ಮಸಾಲೆ ಡಬ್ಬಿಗಳನ್ನು ಹೊಸದಾಗಿ ಬಂದ ವಿದ್ಯಾರ್ಥಿಗೆ ಕೊಡಿ, ಅವರಿಗೆ ಮೊದಲ ಚಳಿಗಾಲ ಕಳೆಯಲು ಬೇಕಾಗುತ್ತದೆ. ನೀವು ಊಟಕ್ಕೆ ಕರೆಯಬೇಕೆಂದಿರುವವರನ್ನು ಕೊನೆಯ ರಾತ್ರಿ ಕರೆಯಬೇಡಿ, ಆ ರಾತ್ರಿ ನೀವು ಸೂಟ್‌ಕೇಸ್ ತೂಗುತ್ತಿರುತ್ತೀರಿ. ಯಾರಾದರೂ ನಿಮಗಾಗಿ ಏನಾದರೂ ಸಿದ್ಧಮಾಡಿಕೊಂಡು ಬಂದರೆ, ಅದೇ ದಿನ, ಅದೇ ಗಳಿಗೆ ಅವರ ಜೊತೆ ಹೋಗಿ.

ಮಾರ್ಚ್ ಕೊನೆಗೆ ಮನೆ ಬಿಡಬೇಕಾದರೆ ಪತ್ರ ಜನವರಿಯ ಮೂರನೆಯ ಕೆಲಸದ ದಿನದೊಳಗೆ ತಲುಪಬೇಕು. ವಿದ್ಯಾರ್ಥಿ ನಿಲಯದಲ್ಲಿದ್ದರೆ ನಿಯಮ ಬೇರೆ ಇರುತ್ತದೆ, ನಿಮ್ಮ ಕರಾರನ್ನು ತೆಗೆದು ಓದಿ. ಅಂಚೆಯನ್ನು ನಂಬದೆ ಪತ್ರವನ್ನು ನೀವೇ ಕೊಂಡೊಯ್ದು ಕೊಡಿ, ನಕಲಿನ ಮೇಲೆ ತಾರೀಖು ಸಹಿತ ಸ್ವೀಕೃತಿ ಬರೆಸಿಕೊಳ್ಳಿ. ಅವರು ಮನೆಯಲ್ಲಿರದಿದ್ದರೆ ಒಬ್ಬ ಗೆಳೆಯರನ್ನು ಸಾಕ್ಷಿಯಾಗಿ ಕರೆದೊಯ್ದು ಅಂಚೆಪೆಟ್ಟಿಗೆಗೆ ಹಾಕಿ.