‘ಮಂತ್ರದಂಡ’ ತೆಗೆದು ಮತ್ತೆ ಕಳಿಸಿ

ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ಕೋಚ್ ಬಿಲ್ ವಾಲ್ಶ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತದ ತಪ್ಪಿಲ್ಲ. ಎರಡು ಸಾಲು ಮಾತ್ರ ತಲೆ ಕೆಡಿಸಿದವು.

‘1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ಸೇರಿದ ವಾಲ್ಶ್, ಮಂತ್ರದಂಡ ಬೀಸಿ ತಂಡವನ್ನು ಗೆಲುವಿನ ಹಾದಿಗೆ ತಂದರು.’ ಯಾವ ಮಂತ್ರದಂಡ ಮಾರಾಯ್ರೆ? ಆ ವರ್ಷ ಆಡಿದ 16ರಲ್ಲಿ ಗೆದ್ದದ್ದು 2. ಮರುವರ್ಷ 6. 1981ರಲ್ಲಿ 13. ಈ ಮೂರು ಅಂಕಿ ಬರೆದಿದ್ದರೆ ಸಾಕಿತ್ತು.

ಅದಕ್ಕೂ ಮುಂಚೆ, 1968ರಿಂದ ಎಂಟು ವರ್ಷ ಸಿನ್ಸಿನಾಟಿ ಬೆಂಗಾಲ್ಸ್‌ನಲ್ಲಿ ಮುಖ್ಯ ಕೋಚ್ ಪಾಲ್ ಬ್ರೌನ್ ಕೈಕೆಳಗೆ ದುಡಿದದ್ದನ್ನು ‘ಅನುಭವ ಗಳಿಸಿದರು’ ಎಂದು ಮುಗಿಸಿಬಿಟ್ಟಿದ್ದೀರಿ. ಕತೆ ಇರುವುದೇ ಅಲ್ಲಿ. ದೂರಕ್ಕೆ ಎಸೆಯಬಲ್ಲ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಗ್ರೆಗ್ ಕುಕ್ 1969ರಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಮರುವರ್ಷ ಬಂದ ವರ್ಜಿಲ್ ಕಾರ್ಟರ್ ತೋಳಿನಲ್ಲಿ ಅಷ್ಟು ಕಸುವಿಲ್ಲ, ಗುರಿ ಮಾತ್ರ ಚೊಕ್ಕ. ನಾಲ್ಕು ಯತ್ನದಲ್ಲಿ 10 ಗಜ ಸಾಗಿದರೆ ಚೆಂಡು ನಮ್ಮದೇ ಆಗಿ ಉಳಿಯುವ ಆಟ ಇದು. ಹಾಗಾಗಿ ವಾಲ್ಶ್ 53 ಗಜದ ಅಗಲವನ್ನೆಲ್ಲ ಬಳಸಿ ಸಣ್ಣ ಸಣ್ಣ ಪಾಸ್‌ಗಳನ್ನು ಹೆಣೆದರು. ಕ್ವಾರ್ಟರ್‌ಬ್ಯಾಕ್ ಮೂರೋ ಐದೋ ಹೆಜ್ಜೆ ಹಿಂದೆ ಸರಿದು ಕಾಲೂರುವಷ್ಟರಲ್ಲಿ ಪಾಸ್ ಹಿಡಿಯುವ ರಿಸೀವರ್ ಚೆಂಡಿನತ್ತ ತಿರುಗಿರಬೇಕು. ಒಂದು ಹೆಜ್ಜೆ ತಡವಾದರೆ ಚೆಂಡು ಎದುರಾಳಿಯ ಕೈಗೆ.

1976ರಲ್ಲಿ ಬ್ರೌನ್ ಕೋಚ್ ಹುದ್ದೆ ಬಿಟ್ಟಾಗ ಅದು ವಾಲ್ಶ್‌ಗೆ ಸಿಗಲಿಲ್ಲ, ಬಿಲ್ ಜಾನ್ಸನ್ ಪಾಲಾಯಿತು. ಆರು ವರ್ಷದ ಮೇಲೆ ವಾಲ್ಶ್ ತಮ್ಮ ಮೊದಲ ಸೂಪರ್ ಬೌಲ್ (ಲೀಗಿನ ಅಂತಿಮ ಪಂದ್ಯ) ಗೆದ್ದದ್ದು ಅದೇ ಬೆಂಗಾಲ್ಸ್ ಮೇಲೆ, 26–21. ಇದನ್ನು ಬಿಡಲು ಮನಸ್ಸಾದರೂ ಹೇಗೆ ಬಂತು?

ಇನ್ನೊಂದು ಸಾಲು, ವಾಲ್ಶ್ ತಂಡದ ರಿಸೀವರ್ ಬಗ್ಗೆ: ‘ಅದೃಷ್ಟವಶಾತ್ ಡ್ವೈಟ್ ಕ್ಲಾರ್ಕ್ ಅಲ್ಲಿದ್ದರು.’ ನಾನು ಡೆಸ್ಕಿಗೆ ಹೊಸಬನಾಗಿದ್ದಾಗ ಇಂಥ ಪದದ ಪಕ್ಕ ಹಿರಿಯರು ಕೆಂಪು ಶಾಯಿಯಲ್ಲಿ ‘ಹೇಗೆ?’ ಎಂದಷ್ಟೇ ಗೀಚುತ್ತಿದ್ದರು. ನಿಮಗೂ ಅದೇ ಪ್ರಶ್ನೆ. 1982ರ ಜನವರಿ 10, ಡಲ್ಲಾಸ್ ಎದುರು 21–27ರ ಹಿನ್ನಡೆ, 58 ಸೆಕೆಂಡ್ ಬಾಕಿ, ಅಂಕದ ಗೆರೆಗೆ 6 ಗಜ. ಅದೇ ಪಂದ್ಯದಲ್ಲಿ ಇದೇ ಪ್ಲೇಯಿಂದ, ಅಂದರೆ ಮೊದಲೇ ಹೆಣೆದಿಟ್ಟ ನಡೆಯಿಂದ, ಇನ್ನೊಬ್ಬ ರಿಸೀವರ್ ಫ್ರೆಡ್ಡಿ ಸೊಲೊಮನ್ ಆಗಲೇ ಗೆರೆ ದಾಟಿ ಒಂದು ಟಚ್‌ಡೌನ್ ಹೊಡೆದಿದ್ದರು. ಈ ಸಲ ಅವರು ಜಾರಿದರು. ಗೆರೆಯಾಚೆಯ ಎಂಡ್ ಜೋನ್‌ನ ಹಿಂಬದಿಯಲ್ಲಿ ಅಡ್ಡ ಓಡುವುದು ಕ್ಲಾರ್ಕ್‌ಗೆ ಮೊದಲೇ ಗೊತ್ತುಮಾಡಿದ್ದ ಕೆಲಸ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಎತ್ತರಕ್ಕೆ ಎಸೆಯಬೇಕು, ಕ್ಲಾರ್ಕ್‌ಗೆ ಸಿಗದಿದ್ದರೆ ಬೇರೆ ಯಾರಿಗೂ ಸಿಗಬಾರದು. ಅದೃಷ್ಟ ಇದ್ದರೆ ಕ್ಲಾರ್ಕ್ ಬೆರಳ ತುದಿಯಲ್ಲಿ ಒಂದಿಷ್ಟು ಇದ್ದೀತು.

ಅಂದಹಾಗೆ, ಕ್ಲಾರ್ಕ್ ಆ ಚೆಂಡು ಹಿಡಿದದ್ದನ್ನು ‘ಗೋಲು’ ಎಂದಿದ್ದೀರಿ. ಟಚ್‌ಡೌನ್ ಅನ್ನಿ: ಅದಕ್ಕೆ 6 ಅಂಕ, ಆಮೇಲಿನ ಒದೆತಕ್ಕೆ 1. 28–27 ಆದದ್ದು ಹಾಗೆ.